ಸೇತುವೆಗಳು ಕೊಟ್ಟ ಕಡಲ ದಾರಿ

ಸಂಪಾಜೆಯಿಂದ ಹೊರಟು ಮಂಗಳೂರು ಮುಟ್ಟಿ, ಅಲ್ಲಿಂದ ಕಡಲಂಚು ಹಿಡಿದು ಕುಂದಾಪುರ, ಹೊನ್ನಾವರ ದಾಟಿ ಕಾರವಾರದವರೆಗೆ ನಾಲ್ಕೈದು ದಿನ ನಿಧಾನವಾಗಿ ಸಾಗುವ ಕಾರು ಪ್ರವಾಸವನ್ನು ಇಂದು ಯಾವ ಕುಟುಂಬವಾದರೂ ಊಟದ ಹೊತ್ತಿನಲ್ಲೇ ಯೋಜಿಸಿಕೊಳ್ಳಬಹುದಾದರೂ, ಆ ದಾರಿಯ ಎರಡು ಭಾಗಗಳು ಒಂದೇ ಕಾಲದವಲ್ಲ, ಒಂದೇ ಉದ್ದೇಶದವೂ ಅಲ್ಲ. ಘಟ್ಟದಿಂದ ಬಂದರಿಗೆ ಇಳಿಯುವ ದಾರಿ ಹಳೆಯದು. ಬಂದರಿನಿಂದ ಬಂದರಿಗೆ ನೆಲದ ಮೇಲೆ ಸಾಗುವ ದಾರಿ ಅದರ ಮುಂದೆ ನಿನ್ನೆ ಮೊನ್ನೆಯದು.

ಸುಳ್ಯ, ಪುತ್ತೂರು ಸೀಮೆಯ ಮಾಗಣೆಗಳು, ಅಂದರೆ ಕಂದಾಯಕ್ಕಾಗಿ ಒಟ್ಟುಗೂಡಿಸಿದ ಗ್ರಾಮಸಮೂಹಗಳು, 1834ರವರೆಗೆ ಕೊಡಗಿನ ಅರಸರಿಗೆ ಸೇರಿದ್ದವು. ಆ ವರ್ಷ ಕೊಡಗನ್ನು ವಶಪಡಿಸಿಕೊಂಡ ಬ್ರಿಟಿಷರು ಇವನ್ನು ಕೆನರಾ ಜಿಲ್ಲೆಗೆ ಸೇರಿಸಿ, ದವಸದ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕೇಳಿದ್ದರಿಂದ ಎದ್ದ ಅಸಮಾಧಾನವು 1837ರ ಅಮರ ಸುಳ್ಯ ದಂಗೆಗೆ ಒಂದು ಕಾರಣವಾಯಿತು. ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ಮುಂದಾಳುತನದ ಪಡೆಯು ಬೆಳ್ಳಾರೆಯ ಖಜಾನೆಯನ್ನು ಹಿಡಿದು, ಪುತ್ತೂರು, ಬಂಟ್ವಾಳದ ಮೂಲಕ ಇಳಿದು, ಸುಮಾರು ಎರಡು ವಾರ ಮಂಗಳೂರನ್ನು ಕೈಯಲ್ಲಿಟ್ಟುಕೊಂಡಿತು. ಇಂದಿನ ಪ್ರವಾಸಿಯ ಮೊದಲ ದಿನದ ಹಾದಿಯೂ ಬಹುಮಟ್ಟಿಗೆ ಇದೇ. ಅನಂತರದ ದಶಕಗಳಲ್ಲಿ ಕೊಡಗಿನ ಕಾಫಿಯು ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು, ಬೀಜವನ್ನು ಒಣಗಿಸಿ, ಸಿಪ್ಪೆ ಬಿಡಿಸಿ, ದರ್ಜೆವಾರು ವಿಂಗಡಿಸುವ ಮಂಗಳೂರಿನ ಕ್ಯೂರಿಂಗ್ ಕಾರ್ಖಾನೆಗಳಿಗೆ ಸಾಗತೊಡಗಿತು. ಆದರೂ ನಡುವೆ ನೇತ್ರಾವತಿ ಇತ್ತು. 1914ರಲ್ಲಿ ಪಾಣೆಮಂಗಳೂರಿನ ಸೇತುವೆ ಆಗುವ ತನಕ ಅದನ್ನು ದೋಣಿಯಲ್ಲೇ ದಾಟಬೇಕಿತ್ತು.

1956ರ ನವೆಂಬರ್ 1ರವರೆಗೆ ಕೊಡಗು ಪ್ರತ್ಯೇಕ ರಾಜ್ಯವಾಗಿದ್ದು, ದಕ್ಷಿಣ ಕನ್ನಡವು ಮದ್ರಾಸಿಗೆ ಸೇರಿದ್ದರಿಂದ, ಇಂದು ಎರಡು ಜಿಲ್ಲೆಗಳ ಗಡಿಯಾಗಿರುವ ಸಂಪಾಜೆಯು ಆಗ ಎರಡು ರಾಜ್ಯಗಳ ಗಡಿಯಾಗಿತ್ತು. ಆ ಗಡಿಯಾದರೂ ನೇರವಾಗಿಲ್ಲ: ಸಂಪಾಜೆ ಚೆಕ್‌ಪೋಸ್ಟ್ ದಾಟಿ ಕಲ್ಲುಗುಂಡಿ, ಅರಂತೋಡು ಕಳೆದು ಸುಳ್ಯದತ್ತ ಇಳಿಯುವವರು ಪೆರಾಜೆಯಲ್ಲಿ ಮತ್ತೊಮ್ಮೆ ಕೊಡಗನ್ನು ಹೊಕ್ಕು ಹೊರಬರುತ್ತಾರೆ.

ಕಡಲುದ್ದದ ದಾರಿ ತಡವಾದುದಕ್ಕೆ ನದಿಗಳೇ ಮುಖ್ಯ ಕಾರಣ. ಘಟ್ಟದಲ್ಲಿ ಹುಟ್ಟಿ ಪಶ್ಚಿಮಕ್ಕೆ ಹರಿಯುವ ಹೊಳೆಗಳು ಉದ್ದದಲ್ಲಿ ಚಿಕ್ಕವಾದರೂ, ಅಳಿವೆಯಲ್ಲಿ, ಎಂದರೆ ಸಿಹಿನೀರು ಉಪ್ಪುನೀರಿಗೆ ಬೆರೆಯುವ ಮುಖದಲ್ಲಿ, ಬಹಳ ಅಗಲವಾಗಿ ಹರಡಿಕೊಳ್ಳುತ್ತವೆ. ಫಲ್ಗುಣಿ, ಶಾಂಭವಿ, ಸ್ವರ್ಣಾ, ಸೀತಾ, ಪಂಚಗಂಗಾವಳಿ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಎಂದು ಒಂದರ ಹಿಂದೆ ಒಂದಾಗಿ ಬರುವ ಇವುಗಳ ಕಡವುಗಳಲ್ಲಿ, ಅಂದರೆ ದೋಣಿಗಟ್ಟೆಗಳಲ್ಲಿ, ಕಾಯುವುದಕ್ಕಿಂತ ಮಚವೆ, ಪತ್ತೆಮಾರಿಗಳಂಥ ಹಾಯಿ ಹಡಗುಗಳಲ್ಲೋ, ಮುಂಬಯಿಯ ಸ್ಟೀಮರುಗಳಲ್ಲೋ ಹೋಗುವುದೇ ಜನರಿಗೆ ಸಲೀಸಾಗಿತ್ತು. ಮಳೆಗಾಲದಲ್ಲಿ ಅದೂ ನಿಲ್ಲುತ್ತಿತ್ತು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತ್ಯಕ್ಕೆ ಹೋದ ಮೇಲಂತೂ ಈ ಕರಾವಳಿಯನ್ನು ಒಂದೇ ದಾರಿಯಾಗಿ ಕಾಣುವ ಆಡಳಿತವೇ ಇಲ್ಲವಾಯಿತು. ರಾಜ್ಯ ಒಂದಾದ ಬಳಿಕ ಸೇತುವೆಗಳು ಬಿಡಿಬಿಡಿಯಾಗಿ ಎದ್ದು, ಕಾರವಾರದ ಕಾಳಿ ನದಿಗೆ ಸೇತುವೆ ಆಗುವಷ್ಟರಲ್ಲಿ 1980ರ ದಶಕ ಬಂದಿತ್ತು. ಇಂದು 66ನೆಯ ಸಂಖ್ಯೆಯ, ಹಿಂದೆ 17ನೆಯದಾಗಿದ್ದ ರಾಷ್ಟ್ರೀಯ ಹೆದ್ದಾರಿ ಹೀಗೆ ತುಂಡುತುಂಡಾಗಿ ಕೂಡಿಕೊಂಡದ್ದು.

ಆದುದರಿಂದ ನಿಧಾನದ ಪ್ರವಾಸವನ್ನು ದೇವಸ್ಥಾನ, ಕಡಲತೀರಗಳ ಪಟ್ಟಿಯಿಂದ ಆರಂಭಿಸುವ ಬದಲು ಅಳಿವೆಗಳಿಂದ ಆರಂಭಿಸುವುದು ಉಚಿತ. ಮರವಂತೆಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆ ಇರುವುದನ್ನು ಹೆದ್ದಾರಿಯೇ ತೋರಿಸುತ್ತದೆ, ಅಲ್ಲಿ ವಿಶೇಷ ಯೋಜನೆ ಬೇಕಿಲ್ಲ. ಅಘನಾಶಿನಿ ಹಾಗಲ್ಲ. ಚತುಷ್ಪಥದ ಸೇತುವೆ ಅದನ್ನು ಮಿರ್ಜಾನಿನ ಬಳಿ ನಿಮಿಷದೊಳಗೆ ದಾಟಿಸಿ ಮುಗಿಸುತ್ತದೆ. ಕುಮಟಾದಿಂದ ಅಘನಾಶಿನಿ ಊರಿಗೆ ತಿರುಗಿ ನದಿಯಾಚೆಯ ತದಡಿಗೆ ದೋಣಿಯಲ್ಲಿ ಹೋಗುವವರಿಗೆ ಮಾತ್ರ, ಇಳಿತದ ವೇಳೆ ಸೊಂಟಮಟ್ಟದ ನೀರಿನಲ್ಲಿ ನಿಂತು ಕೆಸರು ಗೋರಿ ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸುವ ಜನ ಕಾಣಸಿಗುತ್ತಾರೆ. ಮಂಗಳೂರು ಕಡೆ ಇಂಥ ಚಿಪ್ಪನ್ನು ಮರುವಾಯಿ ಎನ್ನುತ್ತಾರೆ. ಸಾಣಿಕಟ್ಟೆಯ ಉಪ್ಪಿನ ಆಗರಗಳೂ, ಉಪ್ಪುನೀರನ್ನು ತಾಳಿಕೊಂಡು ಬೆಳೆಯುವ ಕಗ್ಗ ಭತ್ತದ ಗಜನಿ ಗದ್ದೆಗಳೂ ಇದೇ ನೀರಿನ ಆಸುಪಾಸಿನವು. 2024ರಲ್ಲಿ ಈ ಅಳಿವೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳಿಗೆ ಸಲ್ಲುವ ರಾಮ್ಸರ್ ಮನ್ನಣೆ ದೊರೆಯಿತು.

ಹೊರಡುವ ಕಾಲವನ್ನು ಮಾತ್ರ ಸೌಂದರ್ಯಕ್ಕಿಂತ ಸುರಕ್ಷತೆಯಿಂದ ನಿರ್ಧರಿಸಬೇಕು. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಭೂಕುಸಿತದಿಂದ ಸಂಪಾಜೆ ಘಾಟಿ ಮುಚ್ಚಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಜಾರಿ ಜೀವಹಾನಿಯಾಯಿತು. ಮರುತಿಂಗಳ 7ರಂದು ಕಾಳಿಯ ಹಳೆಯ ಸೇತುವೆ ಕುಸಿಯಿತು. ಮಳೆಗಾಲದ ಹಸಿರನ್ನು ಹೊಗಳುವ ಪ್ರವಾಸಿ ಸಾಹಿತ್ಯ ಈ ದಿನಾಂಕಗಳನ್ನು ನೆನೆಯುವುದು ಕಡಿಮೆ. ನವರಾತ್ರಿ ಕಳೆದ ಮೇಲಿಂದ ಶಿವರಾತ್ರಿಯೊಳಗಿನ ಅವಧಿಯೇ ಈ ದಾರಿಗೆ ಹೇಳಿಸಿದ್ದು.

ಎರಡೇ ದಿನ ಬಿಡುವಿರುವವರು ಮಂಗಳೂರಿನ ಗೊಡವೆಗೆ ಹೋಗದೆ, ಸಂಪಾಜೆಯ ಮಗ್ಗುಲಲ್ಲೇ ಹರಿಯುವ ಪಯಸ್ವಿನಿಯ ದಿಕ್ಕನ್ನು ಅನುಸರಿಸಬಹುದು. ಸುಳ್ಯ ಕಳೆದು ಜಾಲ್ಸೂರಿನಲ್ಲಿ ಎಡಕ್ಕೆ ತಿರುಗಿ, ಮುಳ್ಳೇರಿಯ, ಚೆರ್ಕಳದ ಮೂಲಕ ಕಾಸರಗೋಡಿಗೆ ಇಳಿದರೆ, ಅದೇ ನೀರು ಚಂದ್ರಗಿರಿ ಹೊಳೆಯಾಗಿ ಕಡಲು ಸೇರುವ ಜಾಗವೂ, ಅದರ ದಂಡೆಯ ಮೇಲೆ ಕೆಳದಿಯ ಶಿವಪ್ಪ ನಾಯಕನ ಹೆಸರಿಗೆ ಸಲ್ಲುವ 17ನೆಯ ಶತಮಾನದ ಕೋಟೆಯೂ ಸಿಗುತ್ತವೆ. ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿ ಬೇಕಲ ಕೋಟೆಯಿದೆ.