ಸರ್ವರ್ ಕೊಠಡಿಯ ಸುರಕ್ಷತೆ

ಸರ್ವರ್ ಕೊಠಡಿಯು ಸಂಸ್ಥೆಯೊಂದರ ದತ್ತಾಂಶವನ್ನು ಸಂಗ್ರಹಿಸಿ ಒದಗಿಸುವ ಗಣಕಗಳನ್ನು, ಅಂದರೆ ಸರ್ವರ್‌ಗಳನ್ನು, ಇರಿಸುವ ಸ್ಥಳ. ಇವು ಹಗಲಿರುಳು ಚಾಲನೆಯಲ್ಲಿರುವುದರಿಂದ ಎಡೆಬಿಡದ ವಿದ್ಯುತ್ತಿನಷ್ಟೇ ಎಡೆಬಿಡದ ತಂಪೂ ಅಗತ್ಯ. ವಿದ್ಯುತ್ ಕಡಿತಕ್ಕೆ ಸಿದ್ಧವಾಗಿರುವ ಸಂಸ್ಥೆಗಳೂ ಎರಡನೆಯದನ್ನು ಮರೆಯುವುದುಂಟು.

ವಿದ್ಯುತ್ ಕಡಿತ

ವಿದ್ಯುತ್ ನಿಂತೊಡನೆ ಯುಪಿಎಸ್ ತನ್ನ ಬ್ಯಾಟರಿಯಿಂದ ಸರ್ವರ್‌ಗಳನ್ನು ನಡೆಸುತ್ತದೆ. ಡೀಸೆಲ್ ಜನರೇಟರ್ ಚಾಲನೆಗೊಂಡು ಹೊರೆಯನ್ನು ವಹಿಸಿಕೊಳ್ಳುವವರೆಗಿನ ಅವಧಿಯನ್ನು ದಾಟಿಸುವುದು ಇದರ ಮುಖ್ಯ ಉದ್ದೇಶ. ಜನರೇಟರ್ ಇಲ್ಲದ ಕಡೆ ಇದು ಸರ್ವರ್‌ಗಳನ್ನು ಕ್ರಮಬದ್ಧವಾಗಿ ನಿಲ್ಲಿಸಲು ಕಾಲಾವಕಾಶ ನೀಡುತ್ತದೆ. ಹಠಾತ್ತನೆ ನಿಂತ ಸರ್ವರ್‌ನಲ್ಲಿ ಬರವಣಿಗೆ ಅರ್ಧಕ್ಕೆ ನಿಂತು ಕಡತಗಳು ಕೆಡಬಹುದು.

ತಂಪಿನ ವೈಫಲ್ಯ

ಸಣ್ಣ ಕಚೇರಿಗಳಲ್ಲಿ ಹವಾನಿಯಂತ್ರಕವನ್ನು ಸಾಮಾನ್ಯವಾಗಿ ಯುಪಿಎಸ್‌ಗೆ ಜೋಡಿಸಿರುವುದಿಲ್ಲ. ಆದ್ದರಿಂದ ವಿದ್ಯುತ್ ಹೋದಾಗ ಸರ್ವರ್‌ಗಳು ನಡೆಯುತ್ತಲೇ ಇರುತ್ತವೆ, ತಂಪು ಮಾತ್ರ ನಿಲ್ಲುತ್ತದೆ. ಬ್ಯಾಟರಿ ಹೆಚ್ಚು ಹೊತ್ತು ಬಾಳಿದಷ್ಟೂ ಅಪಾಯ ಹೆಚ್ಚು ಎಂಬುದು ವಿಚಿತ್ರವೆನಿಸಿದರೂ ನಿಜ. ಸರ್ವರ್ ಬಳಸುವ ವಿದ್ಯುತ್ತು ಬಹುತೇಕ ಪೂರ್ತಿಯಾಗಿ ಶಾಖವಾಗಿ ಹೊರಬೀಳುತ್ತದೆ. 5 ಕಿಲೋವ್ಯಾಟ್ ಬಳಸುವ ಸರ್ವರ್‌ಗಳಿರುವ ಮುಚ್ಚಿದ ಕೊಠಡಿಯು, 1 ಕಿಲೋವ್ಯಾಟ್‌ನ ಐದು ಇಸ್ತ್ರಿಪೆಟ್ಟಿಗೆಗಳನ್ನು ಸತತವಾಗಿ ಕಾಯಿಸುತ್ತಿರುವ ಕೊಠಡಿಗೆ ಸಮ.

ಸರ್ವರ್‌ಗಳು ಒಳಗೆಳೆದುಕೊಳ್ಳುವ ಗಾಳಿಯ ಉಷ್ಣತೆ 18ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ಅಮೆರಿಕದ ಆಶ್ರೇ ಸಂಸ್ಥೆಯ ಶಿಫಾರಸು. ಮಿತಿ ಮೀರಿದರೆ ಸರ್ವರ್‌ಗಳು ತಮ್ಮ ವೇಗವನ್ನು ತಾವೇ ತಗ್ಗಿಸಿಕೊಂಡು, ಕೊನೆಗೆ ನಿಂತುಬಿಡುತ್ತವೆ. ಅದಕ್ಕೂ ಮೊದಲೇ ಎಚ್ಚರಿಸಲು ಉಷ್ಣತಾ ಸಂವೇದಕಗಳನ್ನು ಅಳವಡಿಸುತ್ತಾರೆ. ಇವುಗಳ ಸಂದೇಶ ರಾತ್ರಿ ವೇಳೆಯಲ್ಲೂ ಸಂಬಂಧಪಟ್ಟವರಿಗೆ ತಲುಪುವಂತಿರಬೇಕು. ಬಾಗಿಲು ತೆರೆದು, ಬಿಸಿಗಾಳಿ ಹೊರಹೋಗುವಂತೆ ಫ್ಯಾನ್ ಇರಿಸುವುದು ತಾತ್ಕಾಲಿಕ ಉಪಾಯವಷ್ಟೇ. ಶಾಖದ ಮೂಲವನ್ನೇ ತಗ್ಗಿಸುವುದು ಸರಿಯಾದ ಮಾರ್ಗ. ಪರೀಕ್ಷಾರ್ಥ ಬಳಸುವ, ತುರ್ತಲ್ಲದ ಸರ್ವರ್‌ಗಳನ್ನು ಮೊದಲು ನಿಲ್ಲಿಸಬೇಕು. ದತ್ತಾಂಶ ಸಂಗ್ರಹ ಸಾಧನಗಳನ್ನು ಅವುಗಳನ್ನು ಅವಲಂಬಿಸಿದ ಸರ್ವರ್‌ಗಳೆಲ್ಲ ನಿಂತ ಬಳಿಕವೇ ನಿಲ್ಲಿಸಬೇಕು. ಪುನಃ ಆರಂಭಿಸುವಾಗ ಕ್ರಮ ತಿರುಗುಮುರುಗಾಗುತ್ತದೆ. ಈ ಕ್ರಮವನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿರುವುದು ಲೇಸು. ಸರ್ವರ್‌ನಲ್ಲಿ ಮಾತ್ರ ಉಳಿಸಿದ ಸೂಚನೆ, ಸರ್ವರ್ ನಿಂತಾಗ ದೊರೆಯುವುದಿಲ್ಲ.

ಲಂಡನ್ ಆಸ್ಪತ್ರೆಗಳ ಘಟನೆ

ವಿದ್ಯುತ್ ಇದ್ದಾಗಲೂ ತಂಪು ಕೈಕೊಡಬಹುದು. 2022ರ ಜುಲೈ 19ರಂದು ಇಂಗ್ಲೆಂಡಿನಲ್ಲಿ ಉಷ್ಣತೆ ಮೊದಲ ಬಾರಿಗೆ 40 ಡಿಗ್ರಿ ದಾಟಿತು. ಅಂದು ಲಂಡನ್ನಿನ ಗೈಸ್ ಮತ್ತು ಸೇಂಟ್ ಥಾಮಸ್ ಆಸ್ಪತ್ರೆಗಳ ಎರಡೂ ದತ್ತಾಂಶ ಕೇಂದ್ರಗಳು ಬಿಸಿಯೇರಿ ಸ್ಥಗಿತಗೊಂಡವು. ರೋಗಿಗಳ ದಾಖಲೆಗಳು ಗಣಕದಲ್ಲಿ ದೊರೆಯದೆ ವೈದ್ಯರು ಕಾಗದ ಮತ್ತು ಲೇಖನಿಗೆ ಮರಳಬೇಕಾಯಿತು. ಚಿಕಿತ್ಸೆಗಳು ಮುಂದೂಡಲ್ಪಟ್ಟವು; ವ್ಯವಸ್ಥೆಗಳು ಪೂರ್ಣವಾಗಿ ಚೇತರಿಸಿಕೊಳ್ಳಲು ಹಲವು ವಾರಗಳು ಹಿಡಿದವು.