ಕೈಕಾಲಿಲ್ಲದ ಗುಮಾಸ್ತ

ರೋಬೋ ಅಂದ ತಕ್ಷಣ ನಮ್ಮ ಕಣ್ಣೆದುರು ಏನು ಬರುತ್ತೆ? ರಜನಿಕಾಂತ್ ಸಿನಿಮಾ. ಕಬ್ಬಿಣದ ಕೈ, ಕಬ್ಬಿಣದ ಕಾಲು. ಹಾಗಾಗಿ ಹೋಲ್‌ಸೇಲ್ ಅಂಗಡಿಯ ಆಫೀಸಿಗೂ ರೋಬೋ ಬರ್ತಾ ಇದೆ ಅಂದರೆ ಜನ ನಗ್ತಾರೆ. ಮೂಟೆ ಹೊರುತ್ತಾ ಅಂತ ಕೇಳ್ತಾರೆ. ಇಲ್ಲ ಸ್ವಾಮಿ, ಅದು ಮೂಟೆ ಹೊರಲ್ಲ. ಅದಕ್ಕೆ ಕೈಯೂ ಇಲ್ಲ, ಕಾಲೂ ಇಲ್ಲ. ಅದು ಕಂಪ್ಯೂಟರ್ ಒಳಗೇ ಕೂತು ಗುಮಾಸ್ತನ ಕೆಲಸ ಮಾಡುತ್ತೆ. ಹಮಾಲಿ ಇವತ್ತು ನಿಶ್ಚಿಂತೆಯಿಂದ ಇರಬಹುದು. ಯೋಚನೆ ಮಾಡಬೇಕಾದವನು ಗಲ್ಲಾಪೆಟ್ಟಿಗೆ ಪಕ್ಕ ಕೂತು ಬಿಲ್ ಬರೆಯುವ ಹುಡುಗ.

ಏನಿದು? ಇಂಗ್ಲಿಷಿನಲ್ಲಿ ಇದಕ್ಕೆ ರೋಬೋಟಿಕ್ ಪ್ರೋಸೆಸ್ ಆಟೋಮೇಷನ್ ಅಂತಾರೆ. ಚಿಕ್ಕದಾಗಿ ಆರ್‌ಪಿಎ. ಹೆಸರು ಕೇಳಿ ಹೆದರಬೇಡಿ. ನೀವು ಮೌಸ್ ಹಿಡಿದು ಎಲ್ಲಿ ಒತ್ತುತ್ತೀರಿ, ಯಾವ ಅಂಕಿಯನ್ನು ಎಲ್ಲಿಂದ ಎತ್ತಿ ಎಲ್ಲಿಗೆ ಹಾಕ್ತೀರಿ ಅನ್ನೋದನ್ನ ಒಂದು ಸಾಫ್ಟ್‌ವೇರಿಗೆ ಒಂದು ಸಲ ಹೇಳಿಕೊಡ್ತೀರಿ. ಆಮೇಲೆ ಅದೇ ಕೆಲಸವನ್ನ ಅದು ಸಾವಿರ ಸಲ ಮಾಡುತ್ತೆ. ಊಟಕ್ಕೆ ಏಳಲ್ಲ, ರಜೆ ಕೇಳಲ್ಲ. ರೋಬೋಟ್ ಅನ್ನೋ ಪದ ಹುಟ್ಟಿದ್ದೇ ಒಂದು ನಾಟಕದಲ್ಲಿ. ಕಾರೆಲ್ ಚಾಪೆಕ್ ಅನ್ನೋ ಜೆಕ್ ಲೇಖಕ 1920ರಲ್ಲಿ ಬರೆದ ನಾಟಕ ಅದು. ಆ ಭಾಷೆಯಲ್ಲಿ 'ರೊಬೋಟ' ಅಂದರೆ ಬಿಟ್ಟಿ ಚಾಕರಿ. ನೂರು ವರ್ಷದ ಮೇಲೂ ಅರ್ಥ ಬದಲಾಗಿಲ್ಲ ನೋಡಿ.

ಇದನ್ನ ಬೆಂಗಳೂರಿನ ಗಾಜಿನ ಕಟ್ಟಡದ ಕಥೆ ಅಂದುಕೊಳ್ಳಬೇಡಿ. ಹಿರಿಯೂರು ತಾಲ್ಲೂಕಿನ ಧರ್ಮಪುರಕ್ಕೆ ಬನ್ನಿ. ಹಳೇ ಕಾಲದ ದೊಡ್ಡ ಕೆರೆ ಇರುವ ಹೋಬಳಿ ಕೇಂದ್ರ. ಇಲ್ಲಿಂದ ಕೆಲವೇ ಕಿಲೋಮೀಟರ್ ಹೋದರೆ ಆಂಧ್ರ. ಗಡಿಯಾಚೆ ಅಮರಾಪುರ, ಮಡಕಶಿರಾ ಕಡೆಯ ಅಂಗಡಿಯವರೂ ಕನ್ನಡ ಮಾತಾಡ್ತಾರೆ. ಸಂಬಂಧ ಇದೆ, ಸಂತೆ ಇದೆ, ವ್ಯಾಪಾರವೂ ಇದೆ. ಇಂಥ ಕಡೆಗೆಲ್ಲ ಸೋಪು, ಬಿಸ್ಕತ್ತು, ಎಣ್ಣೆ ಕಳಿಸುವ ಒಂದು ಹೋಲ್‌ಸೇಲ್ ಕಂಪನಿ ಹಿರಿಯೂರಿನಲ್ಲಿದೆ ಅಂತ ಸುಮ್ಮನೆ ಉದಾಹರಣೆಗೆ ಇಟ್ಟುಕೊಳ್ಳಿ. ಅಲ್ಲಿನ ಗುಮಾಸ್ತನ ದಿನ ಹೇಗಿರುತ್ತೆ?

ಬೆಳಗ್ಗೆ ವಾಟ್ಸಾಪಿನಲ್ಲಿ ಆರ್ಡರ್ ಬರುತ್ತೆ. ಅದನ್ನ ಟ್ಯಾಲಿಗೆ ಹಾಕಬೇಕು. ಕಂಪನಿಯ ವಹಿವಾಟು ವರ್ಷಕ್ಕೆ 5 ಕೋಟಿ ದಾಟಿದ್ದರೆ, ವ್ಯಾಪಾರಿಗಳಿಗೆ ಕೊಡುವ ಪ್ರತಿ ಬಿಲ್ಲಿಗೂ ಇ-ಇನ್‌ವಾಯ್ಸ್ ಮಾಡಬೇಕು. 2023ರ ಆಗಸ್ಟ್ 1ರಿಂದ ಬಂದ ನಿಯಮ ಇದು. ಅದಕ್ಕೆ 64 ಅಕ್ಷರದ ನಂಬರು, ಒಂದು ಕ್ಯೂಆರ್ ಕೋಡ್ ಬರುತ್ತೆ. ತೆರಿಗೆ ಬೀಳುವ ಸರಕು 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕು. ಲಾರಿ ನಂಬರ್ ಹಾಕಬೇಕು. ಸಂಜೆ ಬ್ಯಾಂಕಿಗೆ ಯಾರ ದುಡ್ಡು ಬಂತು ಅಂತ ತಾಳೆ ನೋಡಬೇಕು. ತಿಂಗಳ ಮಧ್ಯದಲ್ಲಿ ಇನ್ನೊಂದು ತಲೆನೋವು. ತಾನು ಕೊಂಡ ಸರಕಿನ ಬಿಲ್ಲುಗಳನ್ನ ಜಿಎಸ್‌ಟಿ ಪೋರ್ಟಲಿನ 2ಬಿ ಪಟ್ಟಿ ಜೊತೆ ಒಂದೊಂದಾಗಿ ಹೊಂದಿಸಬೇಕು. ಮಾರಿದವನು ತನ್ನ ರಿಟರ್ನಿನಲ್ಲಿ ಆ ಬಿಲ್ ತೋರಿಸದಿದ್ದರೆ ಕೊಂಡವನಿಗೆ ತೆರಿಗೆ ಕ್ರೆಡಿಟ್ ಇಲ್ಲ. ಬೇರೆಯವನ ಸೋಮಾರಿತನಕ್ಕೆ ನಮ್ಮ ಜೇಬಿಗೆ ಕತ್ತರಿ!

ಈಗ ಲೆಕ್ಕ ಹಾಕಿ. ದಿನಕ್ಕೆ 80 ಬಿಲ್ಲು, ಒಂದೊಂದಕ್ಕೆ 5 ನಿಮಿಷ ಅಂದರೂ 400 ನಿಮಿಷ. ಅಂದರೆ 6 ಗಂಟೆ 40 ನಿಮಿಷ. ಇಷ್ಟೂ ಹೊತ್ತು ಆ ಹುಡುಗ ಮಾಡಿದ್ದೇನು? ಒಂದು ಪರದೆಯಲ್ಲಿ ಇದ್ದದ್ದನ್ನ ಇನ್ನೊಂದು ಪರದೆಗೆ ದಾಟಿಸಿದ. ಬಿ.ಕಾಂ ಓದಿದ್ದು ಇದಕ್ಕಾ?

ಇದೇ ಪ್ರಶ್ನೆಗೆ ನಮ್ಮ ಬೆಂಗಳೂರು ಒಮ್ಮೆ ಉತ್ತರ ಕೊಟ್ಟಿತ್ತು. ಶ್ಯಾಮಸುಂದರ್ ಗೋಯೆಂಕಾ ಅನ್ನೋರು ಕಾರ್ಖಾನೆಗಳಿಗೆ, ಬಟ್ಟೆ ಗಿರಣಿಗಳಿಗೆ ಕಚ್ಚಾ ಸಾಮಗ್ರಿ, ಯಂತ್ರದ ಬಿಡಿಭಾಗ ಪೂರೈಸುವ ವ್ಯಾಪಾರ ಮಾಡ್ತಿದ್ದರು. ಅವರ ಲೆಕ್ಕಕ್ಕೆ ಸರಿಹೊಂದುವ ಸಾಫ್ಟ್‌ವೇರ್ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್‌ಗೆ ನೀನೇ ಒಂದು ಮಾಡು ಅಂದರು. 1986ರಲ್ಲಿ ಹೀಗೆ ಹುಟ್ಟಿದ ಕಂಪನಿಯೇ ಇವತ್ತಿನ ಟ್ಯಾಲಿ. ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಒಬ್ಬ ವ್ಯಾಪಾರಿಯ ಲೆಕ್ಕದ ಕಷ್ಟದಿಂದ ಹುಟ್ಟಿದ ಸಾಫ್ಟ್‌ವೇರು ಲಕ್ಷಾಂತರ ಜನರಿಗೆ ಅನ್ನ ಕೊಟ್ಟಿತು. 'ಟ್ಯಾಲಿ ಬರುತ್ತಾ?' ಅನ್ನೋದೇ ಕೆಲಸದ ಸಂದರ್ಶನದ ಮೊದಲ ಪ್ರಶ್ನೆಯಾಯಿತು.

ಸರ್ಕಾರದ ಕಡೆಯಿಂದಲೂ ಕರ್ನಾಟಕ ಹಿಂದೆ ಬಿದ್ದಿಲ್ಲ. ವ್ಯಾಟ್ ಕಾಲದ ಇ-ಸುಗಮ ಹಳೇ ವ್ಯಾಪಾರಿಗಳಿಗೆ ನೆನಪಿರುತ್ತೆ. ಜಿಎಸ್‌ಟಿ ಬಂದ ಮೇಲೆ ಇ-ವೇ ಬಿಲ್ಲನ್ನ ದೇಶದಲ್ಲಿ ಮೊದಲು ಶುರು ಮಾಡಿದ್ದು ಕರ್ನಾಟಕವೇ, 2017ರ ಸೆಪ್ಟೆಂಬರಿನಲ್ಲಿ. ಕೃಷಿ ಮಾರುಕಟ್ಟೆಗಳನ್ನ ಆನ್‌ಲೈನಿನಲ್ಲಿ ಜೋಡಿಸುವ ಏಕೀಕೃತ ಮಾರುಕಟ್ಟೆ ವೇದಿಕೆಯೂ 2014ರಲ್ಲೇ ನಮ್ಮಲ್ಲಿ ಬಂತು. ಕಾಗದ ಹೋಗಿ ಪರದೆ ಬಂತು. ಈಗ ಪರದೆ ಮುಂದೆ ಕೂತವನ ಸರದಿ.

ರೋಬೋ ಎಲ್ಲಿ ಉಪಯೋಗ? ನಿಯಮ ಖಚಿತವಾಗಿದ್ದು, ಕೆಲಸ ದಿನವೂ ಒಂದೇ ಥರ ಇದ್ದು, ಮಾಹಿತಿ ಕಂಪ್ಯೂಟರಿನಲ್ಲೇ ಇರುವ ಕಡೆ. 2ಬಿ ಪಟ್ಟಿ ಹೊಂದಿಸೋದು ಇದಕ್ಕೆ ಹೇಳಿ ಮಾಡಿಸಿದ ಕೆಲಸ. ಹೊಂದಿದ್ದನ್ನ ಪಕ್ಕಕ್ಕಿಟ್ಟು, ಹೊಂದದ ಹತ್ತಿಪ್ಪತ್ತನ್ನ ಮಾತ್ರ ಮನುಷ್ಯನ ಮುಂದೆ ಇಡುತ್ತೆ. ಆದರೆ ಒಂದು ಮಾತು. ಎಲ್ಲದಕ್ಕೂ ರೋಬೋ ಬೇಡ. ಟ್ಯಾಲಿಯ ಹೊಸ ಆವೃತ್ತಿಯಲ್ಲೇ ಇ-ಇನ್‌ವಾಯ್ಸ್, ಇ-ವೇ ಬಿಲ್ ನೇರವಾಗಿ ಆಗುತ್ತೆ. ಎರಡು ಸಾಫ್ಟ್‌ವೇರುಗಳು ಒಂದಕ್ಕೊಂದು ಮಾತಾಡದೇ ಇದ್ದಾಗ ಮಾತ್ರ ನಡುವೆ ಈ ದಲ್ಲಾಳಿ ಬೇಕು. ಅದಕ್ಕೂ ಲಕ್ಷಗಟ್ಟಲೆ ಸುರಿಯಬೇಕಿಲ್ಲ. ಮೈಕ್ರೋಸಾಫ್ಟ್ 2021ರಲ್ಲೇ ಇಂಥದ್ದೊಂದನ್ನ ವಿಂಡೋಸ್ 10 ಬಳಸುವವರಿಗೆ ಪುಕ್ಕಟೆ ಕೊಟ್ಟಿದೆ. ಮಾರೋಕೆ ಬಂದವನು ದೊಡ್ಡ ಕೊಟೇಶನ್ ಮುಂದಿಟ್ಟರೆ, ಮೊದಲು ಈ ಪ್ರಶ್ನೆ ಕೇಳಿ.

ಸರಿ, ಇಷ್ಟು ಒಳ್ಳೇದು. ಕೆಟ್ಟದ್ದೇನು?

ರೋಬೋಗೆ ಅನುಮಾನ ಬರಲ್ಲ. ಇದೇ ದೊಡ್ಡ ಅಪಾಯ. 2025ರ ಸೆಪ್ಟೆಂಬರ್ 22ನ್ನ ನೆನಪಿಸಿಕೊಳ್ಳಿ. ಅವತ್ತು ಸೋಪು, ಶಾಂಪೂ, ಟೂತ್‌ಪೇಸ್ಟ್, ತಲೆಗೆ ಹಚ್ಚೋ ಎಣ್ಣೆ ಮೇಲಿನ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿಯಿತು. ಬೀದಿಯಲ್ಲಿ ಹೋಗುವ ಮನುಷ್ಯನಿಗೂ ಸುದ್ದಿ ಗೊತ್ತಿತ್ತು. ರೋಬೋಗೆ ಗೊತ್ತಿರಲ್ಲ. ಯಾರೋ ದರ ಬದಲಾಯಿಸೋದು ಮರೆತರೆ, ಅದು ನೂರು ರೂಪಾಯಿಗೆ 13 ರೂಪಾಯಿ ಹೆಚ್ಚು ಹಾಕಿ ಬಿಲ್ ಮಾಡ್ತಾನೇ ಹೋಗುತ್ತೆ. ಗುಮಾಸ್ತ ಒಂದು ಬಿಲ್ಲಿನಲ್ಲಿ ತಪ್ಪು ಮಾಡಿದರೆ, ಎರಡನೇದಕ್ಕೆ 'ಏನೋ ಸರಿಯಿಲ್ಲ' ಅಂತ ತಲೆ ಕೆರೀತಾನೆ. ರೋಬೋ ಒಂದೇ ತಪ್ಪನ್ನ ಅದೇ ಶ್ರದ್ಧೆಯಿಂದ 80 ಸಲ ಮಾಡುತ್ತೆ.

ಧರ್ಮಪುರದ ಗಡಿಯನ್ನೇ ನೋಡಿ. ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ರಾಜ್ಯದ್ದು. ಕರ್ನಾಟಕಕ್ಕೆ 29, ಆಂಧ್ರಕ್ಕೆ 37. ಧರ್ಮಪುರದ ಅಂಗಡಿಗೆ ಕಳಿಸಿದ ಸರಕಿಗೆ ಕೇಂದ್ರ, ರಾಜ್ಯ ಎರಡರ ಪಾಲಿನ ತೆರಿಗೆ. ಅದೇ ರಸ್ತೆಯಲ್ಲಿ ಮುಂದೆ ಅಮರಾಪುರಕ್ಕೆ ಹೋದರೆ ಅಂತರರಾಜ್ಯ ತೆರಿಗೆ, ಐಜಿಎಸ್‌ಟಿ. ಗಿರಾಕಿಯ ವಿವರವನ್ನ ಒಮ್ಮೆ ತಪ್ಪಾಗಿ ತುಂಬಿದರೆ ಮುಗೀತು, ಪ್ರತಿ ತಿಂಗಳೂ ತೆರಿಗೆ ತಪ್ಪು ಖಾತೆಗೆ ಹೋಗುತ್ತೆ. ಆಮೇಲೆ ಸರಿಯಾದ ಖಾತೆಗೆ ಮತ್ತೆ ಕಟ್ಟಿ, ಮೊದಲು ಕಟ್ಟಿದ್ದನ್ನ ವಾಪಸ್ ಕೊಡಿ ಅಂತ ಅರ್ಜಿ ಹಿಡಿದು ಅಲೆಯಬೇಕು. ಇ-ವೇ ಬಿಲ್ ಇಲ್ಲದೆ ಲಾರಿ ಸಿಕ್ಕಿಬಿದ್ದರಂತೂ ತೆರಿಗೆಯ ಎರಡರಷ್ಟು ದಂಡ. ಅಧಿಕಾರಿ ಮುಂದೆ 'ಸಾರ್, ರೋಬೋ ಮರೆತುಬಿಡ್ತು' ಅಂದರೆ ಕೇಳ್ತಾರಾ?

ಹಾಗಾದರೆ ತಪ್ಪಿಗೆ ಹೊಣೆ ಯಾರು? ಇದು ತಮಾಷೆ ಪ್ರಶ್ನೆ ಅಲ್ಲ. ಬ್ರಿಟನ್ನಿನಲ್ಲಿ ಏನಾಯಿತು ಕೇಳಿ. ಅಲ್ಲಿನ ಅಂಚೆ ಸಂಸ್ಥೆ ಹೊರೈಜನ್ ಅನ್ನೋ ಲೆಕ್ಕದ ಸಾಫ್ಟ್‌ವೇರ್ ಹಾಕಿತು. ಸಾಫ್ಟ್‌ವೇರಿನ ದೋಷದಿಂದ ಹಣ ಕಡಿಮೆ ಬಿದ್ದಂತೆ ಕಾಣಿಸ್ತಿತ್ತು. ಕಂಪ್ಯೂಟರ್ ಸುಳ್ಳು ಹೇಳಲ್ಲ, ನೀವೇ ಕದ್ದಿದ್ದೀರಿ ಅಂದರು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಸಣ್ಣ ಅಂಚೆ ಕಚೇರಿಗಳ ಜನರಿಗೆ ಶಿಕ್ಷೆಯಾಯಿತು. ಗರ್ಭಿಣಿಯನ್ನೂ ಜೈಲಿಗೆ ಹಾಕಿದರು. ಕೊನೆಗೆ 2024ರಲ್ಲಿ ಪಾರ್ಲಿಮೆಂಟೇ ಕಾಯ್ದೆ ಮಾಡಿ ಆ ಶಿಕ್ಷೆಗಳನ್ನ ರದ್ದು ಮಾಡಬೇಕಾಯಿತು. ಹೋದ ಮಾನ, ಹೋದ ವರ್ಷಗಳು ಬಂದವಾ? ಮುಂದುವರಿದ ದೇಶದಲ್ಲೇ ಹೀಗಾದರೆ, ಅಪಾಯಿಂಟ್‌ಮೆಂಟ್ ಲೆಟರೂ ಇಲ್ಲದ ನಮ್ಮ ಗುಮಾಸ್ತನ ಪಾಡೇನು? ರೋಬೋ ಮಾಡಿದ ತಪ್ಪಿಗೆ ಅವನ ಸಂಬಳ ಹಿಡಿಯಲ್ಲ ಅಂತ ಯಾರು ಹೇಳ್ತಾರೆ?

ಹಾಗಂತ ರೋಬೋ ಬೇಡ ಅಂತ ಗೇಟ್ ಹಾಕೋಕೆ ಆಗಲ್ಲ. ಬಂದೇ ಬರುತ್ತೆ. ಹೇಗೆ ಬರಮಾಡಿಕೊಳ್ಳಬೇಕು ಅನ್ನೋದು ಪ್ರಶ್ನೆ. ಮಾಲೀಕರಿಗೆ ನಾಲ್ಕು ಮಾತು. ಮೊದಲನೇದು, ರೋಬೋ ಮಾಡಿದ ಪ್ರತಿ ಕೆಲಸದ ದಾಖಲೆ ದಿನಾಂಕ, ಸಮಯದ ಸಮೇತ ಉಳಿಯಬೇಕು. ಎರಡನೇದು, ಬಿಲ್ಲುಗಳಲ್ಲಿ ಕೆಲವನ್ನಾದರೂ ದಿನವೂ ಮನುಷ್ಯ ನೋಡಬೇಕು. ಇ-ವೇ ಬಿಲ್ ರದ್ದು ಮಾಡೋಕೆ ಇರೋದು 24 ಗಂಟೆ ಮಾತ್ರ, ಆಮೇಲೆ ಕೈ ಮೀರುತ್ತೆ. ಮೂರನೇದು, ಜಿಎಸ್‌ಟಿ ಪಾಸ್‌ವರ್ಡು, ಓಟಿಪಿ ಯಾವ ಏಜೆನ್ಸಿ ಹುಡುಗನ ಕೈಗೂ ಕೊಡಬೇಡಿ. ಪೋರ್ಟಲಿಗೆ ಓಟಿಪಿ ಇಟ್ಟಿರೋದೇ ನಡುವೆ ಒಬ್ಬ ಮನುಷ್ಯ ಇರಲಿ ಅಂತ. ನಾಲ್ಕನೇದು, ತಪ್ಪಾದರೆ ಹೊಣೆ ಯಾರದ್ದು ಅನ್ನೋದನ್ನ ಮೊದಲೇ ಬರೆದಿಡಿ.

ಗುಮಾಸ್ತರಿಗೂ ಒಂದು ಮಾತು. ಸುಳ್ಳು ಧೈರ್ಯ ಹೇಳಲ್ಲ. ಬರೀ ಎಂಟ್ರಿ ಹಾಕುವ ಕೆಲಸ ಕಡಿಮೆ ಆಗುತ್ತೆ. ಧರ್ಮಪುರದಂಥ ಊರಿನ ಹುಡುಗ, ಹುಡುಗಿಗೆ ಪೇಟೆಯಲ್ಲಿ ಮೊದಲು ಸಿಗುತ್ತಿದ್ದ ಕೆಲಸವೇ ಅದು. ಅದಕ್ಕೇ ಹೇಳೋದು, ರೋಬೋಗೆ ಪಾಠ ಹೇಳುವವರು ನೀವಾಗಿ. ಯಾವ ಗಿರಾಕಿ 29, ಯಾವನು 37, ಯಾರು ಹಬ್ಬ ಕಳೆದ ಮೇಲೆ ದುಡ್ಡು ಕೊಡ್ತಾನೆ, ಯಾವ ಲಾರಿ ಮಳೆ ಬಂದರೆ ಆ ರಸ್ತೆಯಲ್ಲಿ ಹೋಗಲ್ಲ, ಇದೆಲ್ಲ ಗೊತ್ತಿರೋದು ನಿಮಗೆ. ಬೆಂಗಳೂರಿನಿಂದ ಬರುವ ಇಂಜಿನಿಯರಿಗೆ ಗೊತ್ತಿಲ್ಲ. ಆ ಸಾಫ್ಟ್‌ವೇರನ್ನ ಎರಡು ತಿಂಗಳಲ್ಲಿ ಕಲಿಯಬಹುದು. ಹಿರಿಯೂರಿನ ವ್ಯಾಪಾರವನ್ನ ಎರಡು ತಿಂಗಳಲ್ಲಿ ಕಲಿಯೋಕೆ ಆಗಲ್ಲ.

ಮಾಲೀಕರೇ, ದಿನಕ್ಕೆ ಆರೂವರೆ ಗಂಟೆ ಉಳಿದರೆ ಮೊದಲು ಆ ಹುಡುಗನ ಲೆಕ್ಕ ಮುಗಿಸಿ ಕಳಿಸೋ ಯೋಚನೆ ಮಾಡಬೇಡಿ. ಬಾಕಿ ವಸೂಲಿಗೆ ಕಳಿಸಿ, ಹೊಸ ಅಂಗಡಿ ಹುಡುಕೋಕೆ ಕಳಿಸಿ, ಬಿಲ್ಲು ತೋರಿಸದ ಸಪ್ಲೈಯರ್‌ಗೆ ಫೋನ್ ಮಾಡಿಸಿ. ರೋಬೋ ಬಿಲ್ ಮಾಡುತ್ತೆ, ನಿಜ. ಬಾಕಿ ಉಳಿಸಿಕೊಂಡವನ ಅಂಗಡಿ ಮುಂದೆ ಕೂತು, ಒಂದು ಟೀ ಕುಡಿದು, ನಗ್ತಾ ನಗ್ತಾ ದುಡ್ಡು ಎಬ್ಬಿಸಿಕೊಂಡು ಬರೋದು ಅದಕ್ಕೆ ಗೊತ್ತಿಲ್ಲ.