ಅಕ್ಕಡಿ ಸಾಲು ಹೋಯಿತು, ಅಂಗಡಿ ಸಾಲ ಬಂತು

ಸುಗ್ಗಿ ಮುಗಿದು ಎರಡು ತಿಂಗಳಾಗಿರುವುದಿಲ್ಲ, ರೈತನ ಕೈ ಆಗಲೇ ಬರಿದಾಗಿರುತ್ತದೆ. ಬೆಳೆ ಬಂದಿಲ್ಲವೆಂದಲ್ಲ, ಬಂದ ಹಣ ಎಲ್ಲಿ ಹೋಯಿತೆಂದು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಬೀಜ, ಗೊಬ್ಬರ, ಔಷಧಿಗೆ ಎಷ್ಟು ಖರ್ಚಾಯಿತೆಂದು ಕೇಳಿದರೆ ನಾವು ಬಾಯಲ್ಲೇ ಲೆಕ್ಕ ಒಪ್ಪಿಸುತ್ತೇವೆ. ಒಲೆಯ ಮುಂದೆ ಎಷ್ಟು ಖರ್ಚಾಯಿತೆಂದು ಕೇಳಿದರೆ ಮುಖ ಮುಖ ನೋಡುತ್ತೇವೆ. ಬೇಸಾಯದ ಖರ್ಚು ಮಾತ್ರ ಖರ್ಚು, ಮನೆಯ ಖರ್ಚು ಖರ್ಚಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿಬಿಟ್ಟಿದೆ.

ಊರಿನವರ ಮಾತೇಕೆ, ನಮ್ಮ ಮನೆಯ ಮಾತನ್ನೇ ಹೇಳುತ್ತೇನೆ. ನಮ್ಮದು ತುಮಕೂರು ಜಿಲ್ಲೆಯ ನಾಲ್ಕು ಎಕರೆ ಖುಷ್ಕಿ ಜಮೀನು. ಕೆಲವು ವರ್ಷಗಳ ಹಿಂದೆ ಮಗಳ ಕಾಲೇಜಿನ ಫೀಜು ಕಟ್ಟುವ ದಿನ ಹತ್ತಿರ ಬಂದಾಗ ಮನೆಯಲ್ಲಿ ಕಾಸಿರಲಿಲ್ಲ. ಹೆಂಡತಿಯ ಸರವನ್ನು ಅಡವಿಡಲು ಹೊರಟಿದ್ದೆ. ಆಕೆ ಸರ ಬಿಚ್ಚಿ ಕೊಡುವ ಮೊದಲು ಅಂಗಡಿಯ ಉದ್ರಿ ಪುಸ್ತಕವನ್ನು ತಂದು ನನ್ನ ಮುಂದಿಟ್ಟಳು. “ಇದನ್ನೊಂದು ಸಾರಿ ಓದಿ, ಆಮೇಲೆ ಬ್ಯಾಂಕಿಗೆ ಹೋಗಿ” ಎಂದಳು.

ಓದಿದೆ. ತೊಗರಿಬೇಳೆ, ತೊಗರಿಬೇಳೆ, ಎಣ್ಣೆ, ಹುರುಳಿ, ಸಾಸಿವೆ, ಅವರೆಬೇಳೆ, ಮತ್ತೆ ತೊಗರಿಬೇಳೆ. ನಮ್ಮ ತಂದೆಯವರ ಕಾಲದಲ್ಲಿ ಇವುಗಳಲ್ಲಿ ಒಂದನ್ನೂ ನಾವು ದುಡ್ಡು ಕೊಟ್ಟು ತಂದವರಲ್ಲ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲೇ ಅವೆಲ್ಲ ಬೆಳೆಯುತ್ತಿದ್ದವು. ರಾಗಿ ಕೊಯ್ಯುವ ಯಂತ್ರಕ್ಕೆ ಅಡ್ಡವಾಗುತ್ತದೆಂದು ನಾನೇ ಅಕ್ಕಡಿ ಬಿಟ್ಟಿದ್ದೆ. ಕೊಯ್ಲಿನ ಕೂಲಿಯಲ್ಲಿ ಉಳಿಸಿದ್ದನ್ನು ವರ್ಷವಿಡೀ ಅಂಗಡಿಗೆ ಕಟ್ಟುತ್ತಿದ್ದೆನೆಂಬುದು ಅಂದು ತಿಳಿಯಿತು. ಆ ವರ್ಷ ಸರ ಅಡವಿಗೆ ಹೋಯಿತು. ಆದರೆ ಮುಂದಿನ ಮುಂಗಾರಿಗೆ ಅಕ್ಕಡಿ ಸಾಲು ಹೊಲಕ್ಕೆ ಮರಳಿ ಬಂತು.

ಮೊದಲು ಲೆಕ್ಕ, ಆಮೇಲೆ ಉಳಿತಾಯ

ಮಿತವ್ಯಯ ಮಾಡಬೇಕೆನ್ನುವವರು ಮೊದಲು ಮಾಡಬೇಕಾದ ಕೆಲಸ ಒಂದೇ. ಮಕ್ಕಳ ಹಳೆಯ ನೋಟುಪುಸ್ತಕದಲ್ಲಿ ಒಂದು ತಿಂಗಳು ಮನೆಗೆ ಬಂದ ಪ್ರತಿಯೊಂದು ಸಾಮಾನನ್ನೂ ಬರೆದಿಡಿ. ತಿಂಗಳ ಕೊನೆಗೆ ಅದನ್ನು ಮೂರು ಪಾಲು ಮಾಡಿ. ಹೊಲದಲ್ಲೇ ಬೆಳೆಯಬಹುದಾಗಿದ್ದು ಒಂದು ಪಾಲು. ಬೇಕೇ ಬೇಕಾಗಿ ಕೊಂಡದ್ದು ಎರಡನೆಯದು. ಬೇಡವಾಗಿದ್ದರೂ ಕೈ ತಡೆಯದೆ ಕೊಂಡದ್ದು ಮೂರನೆಯದು. ಉಳಿತಾಯವೆಲ್ಲ ಮೊದಲನೆಯ ಮತ್ತು ಮೂರನೆಯ ಪಾಲಿನಲ್ಲಿದೆ. ಎರಡನೆಯದರಲ್ಲಿ ಕೈ ಬಿಗಿ ಹಿಡಿದರೆ ಮನೆಯವರ ಹೊಟ್ಟೆ ಬಡವಾಗುತ್ತದೆ.

ಮೂರನೆಯ ಪಾಲು ಸಣ್ಣದೆಂದು ತಿಳಿಯಬಾರದು. ಮನೆಯಲ್ಲಿ ಇಬ್ಬರು ಮಕ್ಕಳಿದ್ದು, ದಿನಕ್ಕೊಂದರಂತೆ ಐದು ರೂಪಾಯಿಯ ಕುರುಕಲು ಪೊಟ್ಟಣ ಕೊಂಡರೆ ವರ್ಷಕ್ಕೆ 3,650 ರೂಪಾಯಿ. ಐದು ಜನರಿರುವ ಮನೆಯಲ್ಲಿ ದಿನಕ್ಕೆರಡು ಸಲ ಚಹಾಕ್ಕೆ ತಲಾ ಎರಡು ಚಮಚ, ಅಂದರೆ 10 ಗ್ರಾಂ ಸಕ್ಕರೆ ಬಿದ್ದರೆ ತಿಂಗಳಿಗೆ 3 ಕಿಲೋ. ಒಂದು ಚಮಚ ಕಡಿಮೆ ಮಾಡಿದರೆ ವರ್ಷಕ್ಕೆ 18 ಕಿಲೋ ಸಕ್ಕರೆ ಉಳಿಯುತ್ತದೆ, ಆರೋಗ್ಯಕ್ಕೂ ಒಳ್ಳೆಯದು. ಪೊಟ್ಟಣದ ಬದಲು ಹುರಿಗಡಲೆ ಬೆಲ್ಲ, ಬೇಯಿಸಿದ ಕಡಲೆಕಾಯಿ, ರಾಗಿ ಹುರಿಹಿಟ್ಟು ಕೊಟ್ಟು ನೋಡಿ. ಮಕ್ಕಳು ನಾಲ್ಕು ದಿನ ಗೊಣಗಿ ಐದನೆಯ ದಿನ ತಾವೇ ಕೇಳುತ್ತಾರೆ.

ಹೊಲದಲ್ಲೇ ದಿನಸಿ ಅಂಗಡಿ

ರಾಗಿಯೊಡನೆ ತೊಗರಿ ಬೆಳೆಯುವುದು ಹಿರಿಯರ ಪದ್ಧತಿ ಮಾತ್ರವಲ್ಲ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವೂ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿಯಂತೆ ಬಿತ್ತಲು ಶಿಫಾರಸು ಮಾಡಿದೆ. ತೊಗರಿಯ ಬೇರು ಆಳಕ್ಕೆ ಹೋಗುವುದರಿಂದ ರಾಗಿಯ ತೇವಕ್ಕೆ ಅಷ್ಟಾಗಿ ಕೈ ಹಾಕುವುದಿಲ್ಲ. ಅದರ ಬೇರಿನ ಗಂಟುಗಳು ಸಾರಜನಕವನ್ನು ಹಿಡಿದಿಡುತ್ತವೆ, ಉದುರಿದ ಎಲೆ ಮಣ್ಣಿಗೆ ಸೇರುತ್ತದೆ. ಮಳೆ ಕೈಕೊಟ್ಟು ರಾಗಿ ಸೊರಗಿದರೂ ತೊಗರಿ ಒಂದಿಷ್ಟಾದರೂ ಕೈಗೆ ಬರುತ್ತದೆ. ಯಂತ್ರದಿಂದಲೇ ಕೊಯ್ಯಿಸುವವರು ಇಡೀ ಹೊಲಕ್ಕೆ ಅಕ್ಕಡಿ ಹಾಕಬೇಕಾಗಿಲ್ಲ. ಒಂದು ಎಕರೆಯನ್ನು ಮನೆಯ ಊಟಕ್ಕೆಂದು ಬೇರೆ ಮಾಡಿ ಅದರಲ್ಲಿ ತೊಗರಿ, ಅವರೆ, ಹುಚ್ಚೆಳ್ಳು, ಸಾಸಿವೆ, ಅಲಸಂದೆ ಹಾಕಿ, ಕೈಯಿಂದ ಕೊಯ್ದರೆ ಸಾಕು. ನಾವು ಮಾಡುತ್ತಿರುವುದೂ ಹಾಗೆಯೇ.

ಮನೆಗೆ ಎಷ್ಟು ಬೇಕು? ದಿನಕ್ಕೆ 200 ಗ್ರಾಂ ಬೇಳೆ ಬೇಯಿಸುವ ಸಂಸಾರಕ್ಕೆ ವರ್ಷಕ್ಕೆ 73 ಕಿಲೋ ಬೇಕು. ಒಂದು ಕ್ವಿಂಟಲ್ ತೊಗರಿಯನ್ನು ಚೆನ್ನಾಗಿ ಬೇಳೆ ಮಾಡಿದರೆ ಸುಮಾರು 70 ಕಿಲೋ ಸಿಗುತ್ತದೆ. ಅಂದರೆ ಮಾರುಕಟ್ಟೆಗೆ ಗಾಡಿ ಹೂಡುವ ಮೊದಲು ಒಂದು ಕ್ವಿಂಟಲನ್ನು ಮನೆಯಲ್ಲಿ ಇಳಿಸಿದರೆ ವರ್ಷದ ಸಾರಿನ ಚಿಂತೆ ತೀರಿತು. ಸುಗ್ಗಿಯಲ್ಲಿ ಎಲ್ಲರೂ ಮಾರುವಾಗ ಕ್ವಿಂಟಲ್ ಲೆಕ್ಕದಲ್ಲಿ ಕೊಟ್ಟು, ಆಷಾಢದಲ್ಲಿ ಕಿಲೋ ಲೆಕ್ಕದಲ್ಲಿ ಕೊಂಡು ತರುವುದರಲ್ಲಿ ಗಿರಣಿಯ ಕೂಲಿ, ಸಾಗಣೆ, ಮಧ್ಯವರ್ತಿಯ ಲಾಭ ಎಲ್ಲವೂ ನಮ್ಮ ತಲೆಯ ಮೇಲೆಯೇ ಬೀಳುತ್ತದೆ.

ಬೇಳೆ ಮಾಡುವುದು ಕಷ್ಟವೆಂದು ಹಿಂದೆಗೆಯಬೇಕಾಗಿಲ್ಲ. ತೊಗರಿಯನ್ನು ನೆನೆಸಿ, ಕೆಮ್ಮಣ್ಣಿನ ರಾಡಿ ಕಟ್ಟಿ, ರಾತ್ರಿ ಗುಡ್ಡೆ ಹಾಕಿಟ್ಟು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಬೀಸುಕಲ್ಲಿನಲ್ಲಿ ಒಡೆಯುವ ಪದ್ಧತಿ ಹಳ್ಳಿಯ ಹಿರಿಯ ಹೆಂಗಸರಿಗೆ ಇಂದಿಗೂ ಗೊತ್ತು. ಬೀಸುಕಲ್ಲು ಬೇಡವೆನ್ನುವವರಿಗೆ ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಸ್ಥೆ ರೂಪಿಸಿದ ಸಣ್ಣ ಬೇಳೆ ಗಿರಣಿಯಂಥವು ಇವೆ. ಹತ್ತು ಮನೆಯವರು ಅಥವಾ ಮಹಿಳಾ ಸಂಘದವರು ಸೇರಿ ಒಂದನ್ನು ಹಾಕಿಸಿದರೆ ಇಡೀ ಊರಿಗೆ ಅನುಕೂಲ. ತೌಡು, ನುಚ್ಚು ದನಗಳಿಗಾಯಿತು. ಕಡಲೆಕಾಯಿ, ಹುಚ್ಚೆಳ್ಳನ್ನು ಗಾಣಕ್ಕೆ ಕೊಟ್ಟು ಎಣ್ಣೆ ತೆಗೆಸಿದರೂ ಅಷ್ಟೆ, ಹಿಂಡಿ ನಮ್ಮ ಕೊಟ್ಟಿಗೆಗೇ ಬರುತ್ತದೆ.

ಹುಳು ತಿಂದರೆ ಉಳಿತಾಯವೆಲ್ಲಿ?

ಬೆಳೆದದ್ದನ್ನು ಮಾರದೆ ಇಟ್ಟರೆ ಹುಳು ಬೀಳುತ್ತದೆಂಬುದು ಎಲ್ಲರ ಭಯ. ಕಾಳು ಕೊರೆಯುವ ದುಂಬಿ ಹೊಲದಲ್ಲೇ ಮೊಟ್ಟೆಯಿಟ್ಟು ಕಾಳಿನೊಡನೆ ಮನೆಗೆ ಬರುತ್ತದೆ. ಆದ್ದರಿಂದ ಮೊದಲ ಕಾವಲು ಬಿಸಿಲು. ಹಲ್ಲಿನಲ್ಲಿ ಕಡಿದರೆ ಕಟಕ್ಕೆಂದು ಒಡೆಯುವಷ್ಟು ಒಣಗಿಸಿ, ಆರಿದ ಮೇಲೆ ತುಂಬಬೇಕು. ಇಡೀ ಕಾಳಾಗಿ ಇಡುವುದಾದರೆ ಕಿಲೋಗೆ 5 ಮಿಲಿಲೀಟರಿನಂತೆ, ಅಂದರೆ ಕ್ವಿಂಟಲಿಗೆ ಅರ್ಧ ಲೀಟರ್ ಅಡಿಗೆ ಎಣ್ಣೆ ಸವರಿದರೆ ದುಂಬಿಯ ಮೊಟ್ಟೆ ಕಾಳಿನ ಮೇಲೆ ಬದುಕುವುದಿಲ್ಲ. ಈ ದುಂಬಿಗೆ ಇಡೀ ಕಾಳು ಇಷ್ಟ, ಒಡೆದ ಬೇಳೆಯ ತಂಟೆಗೆ ಅಷ್ಟಾಗಿ ಬರುವುದಿಲ್ಲ. ಹಾಗಾಗಿ ಬೇಗ ಬೇಳೆ ಮಾಡಿಕೊಳ್ಳುವುದೇ ಲೇಸು. ರಾಗಿಯ ವಿಷಯ ಹೇಳಬೇಕಾಗಿಲ್ಲ. ಚೆನ್ನಾಗಿ ಒಣಗಿದ ರಾಗಿ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತೆಂಬುದನ್ನು ನಮ್ಮ ಅಜ್ಜಂದಿರು ಕಂಡವರೇ.

ಇಲ್ಲಿ ಒಂದು ಎಚ್ಚರಿಕೆ. ಧಾನ್ಯಕ್ಕಿಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಜನ ಮಲಗುವ ಮನೆಯಲ್ಲಿ ಎಂದೂ ಇಡಬಾರದು. ಅದರಿಂದ ಹೊರಡುವ ಅನಿಲ ಪ್ರಾಣ ತೆಗೆಯುತ್ತದೆ. ನಾಲ್ಕು ಸೇರು ಕಾಳು ಉಳಿಸಲು ಹೋಗಿ ಮಕ್ಕಳ ಜೀವವನ್ನು ಪಣಕ್ಕಿಡುವ ಮಿತವ್ಯಯ ನಮಗೆ ಬೇಡ.

ಬಚ್ಚಲ ನೀರು, ಹಿತ್ತಲ ಗಿಡ

ಸಂತೆಯ ಚೀಲದಲ್ಲಿ ಭಾರವಾದದ್ದು ತರಕಾರಿ. ಬಚ್ಚಲ ನೀರು ಹಾದಿಗೆ ಹರಿದು ಸೊಳ್ಳೆ ಸಾಕುವ ಬದಲು ನಾಲ್ಕು ಬಾಳೆ, ಒಂದು ತೆಂಗಿಗೆ ಹರಿಯಲಿ. ಸೊಪ್ಪಿನ ಮಡಿಗಳಿಗೆ ಮಾತ್ರ ಸಾಬೂನು ನೀರು ಬಿಡದೆ, ಅಕ್ಕಿ, ತರಕಾರಿ ತೊಳೆದ ನೀರನ್ನು ಹಾಕಬೇಕು. ಬೇಲಿಯಲ್ಲಿ ಎರಡು ನುಗ್ಗೆ, ಬಾವಿಯ ಬಳಿ ಒಂದು ಕರಿಬೇವು, ಚಪ್ಪರಕ್ಕೆ ಹೀರೆ, ಸೋರೆ, ಬಸಳೆ, ತಿಪ್ಪೆಯ ಪಕ್ಕ ಕುಂಬಳ, ಖಾಲಿ ಜಾಗದಲ್ಲಿ ಹರಿವೆ, ಬದನೆ, ಮೆಣಸಿನಕಾಯಿ ಇದ್ದರೆ ಸಂತೆಗೆ ಹೋಗುವುದು ಈರುಳ್ಳಿ, ಆಲೂಗೆಡ್ಡೆಗೆ ಮಾತ್ರ. ಹೆಬ್ಬಾಳ ಅವರೆ-4ರಂಥ ತಳಿ ಚಳಿಗಾಲಕ್ಕೆ ಕಾಯದೆ ಎಲ್ಲ ಕಾಲದಲ್ಲೂ ಹೂ ಬಿಡುವುದರಿಂದ ಹಿತ್ತಲಿಗೆ ಚೆನ್ನಾಗಿ ಹೊಂದುತ್ತದೆ. ಬಿತ್ತನೆಯನ್ನು ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ ಮಾಡಿದರೆ ಒಂದು ವಾರ ಹೆಚ್ಚಾಗಿ ಇನ್ನೊಂದು ವಾರ ಇಲ್ಲವಾಗುವುದು ತಪ್ಪುತ್ತದೆ.

ಒಲೆ ಮತ್ತು ದೀಪ

ನಾಲ್ಕೈದು ದನಗಳಿರುವ ಮನೆಗೆ ಗೋಬರ್ ಗ್ಯಾಸಿಗಿಂತ ಒಳ್ಳೆಯ ಉಳಿತಾಯವಿಲ್ಲ. 2 ಘನ ಮೀಟರ್ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಷ್ಟೇ ನೀರು ಬೇಕು. ಅದರಿಂದ ಸಿಗುವ ಅನಿಲ ಸಿಲಿಂಡರಿನ ಮುಕ್ಕಾಲು ಕಿಲೋ ಅನಿಲಕ್ಕಿಂತ ಹೆಚ್ಚೇ ಆದೀತು. 1984ರಲ್ಲಿ ರೂಪುಗೊಂಡ ದೀನಬಂಧು ಮಾದರಿಯನ್ನು ಇಟ್ಟಿಗೆಯಿಂದಲೇ ಕಟ್ಟಬಹುದಾದ್ದರಿಂದ ಕಬ್ಬಿಣದ ಡ್ರಮ್ಮು ತುಕ್ಕು ಹಿಡಿಯುವ ಕಾಟವಿಲ್ಲ. ಹೊರಬರುವ ಬಗ್ಗಡ ತಿಪ್ಪೆ ಗೊಬ್ಬರಕ್ಕಿಂತ ಕಡಿಮೆಯದಲ್ಲ. ಸಗಣಿ ಒಂದೇ, ಲಾಭ ಎರಡು. ಸೌದೆ ಒಲೆಯನ್ನೇ ಬಳಸುವವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ವಿಭಾಗದವರು ರೂಪಿಸಿದ ಅಸ್ತ್ರ ಒಲೆಯನ್ನು ಕಟ್ಟಿಸಿಕೊಳ್ಳಬಹುದು. ಸೌದೆ ಉಳಿಯುತ್ತದೆ, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುವುದರಿಂದ ಹೆಂಗಸರ ಕಣ್ಣೂ ಉಳಿಯುತ್ತದೆ. ಒಲೆ ಯಾವುದೇ ಇರಲಿ, ಕಾಳನ್ನು ರಾತ್ರಿ ನೆನೆಹಾಕುವುದು, ಪಾತ್ರೆಗೆ ಮುಚ್ಚಳ ಹಾಕುವುದು, ಕುದಿ ಬಂದ ಮೇಲೆ ಉರಿ ತಗ್ಗಿಸುವುದು ದುಡ್ಡಿಲ್ಲದ ಉಪಾಯಗಳು.

ದೀಪದ ವಿಷಯ. 60 ವಾಟಿನ ಹಳೆಯ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. 9 ವಾಟಿನ ಎಲ್‌ಇಡಿ ಅಷ್ಟೇ ಹೊತ್ತು ಉರಿದರೆ ಒಂದೂವರೆ ಯೂನಿಟ್ಟೂ ಆಗುವುದಿಲ್ಲ. 2023ರಲ್ಲಿ ಆರಂಭವಾದ ಗೃಹಜ್ಯೋತಿಯಿಂದ ಬಿಲ್ಲೇ ಬರುವುದಿಲ್ಲವಲ್ಲ ಎಂದು ಕೆಲವರು ಹೇಳಬಹುದು. ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆ ನೋಡಿ ಮಿತಿ ಗೊತ್ತುಮಾಡಿದ್ದಾರೆ, ಅದನ್ನು ದಾಟಿದರೆ ಹಣ ಕಟ್ಟಬೇಕೆಂಬುದನ್ನು ಮರೆಯಬಾರದು.

ಉದ್ರಿಯೆಂಬ ಸೋರುವ ಕೊಡ

ಇಷ್ಟೆಲ್ಲ ಉಳಿಸಿದರೂ ಬಡ್ಡಿಯ ತೂತು ಮುಚ್ಚದಿದ್ದರೆ ಕೊಡ ತುಂಬುವುದಿಲ್ಲ. ನೂರಕ್ಕೆ ಮೂರು ರೂಪಾಯಿ ಬಡ್ಡಿಯೆಂದರೆ ಕಿವಿಗೆ ಸಣ್ಣದಾಗಿ ಕೇಳುತ್ತದೆ. ಅದು ತಿಂಗಳಿಗೆ, ವರ್ಷಕ್ಕೆ ನೂರಕ್ಕೆ 36. ಹತ್ತು ಸಾವಿರಕ್ಕೆ ವರ್ಷಕ್ಕೆ 3,600 ರೂಪಾಯಿ ಬಡ್ಡಿ ಕಟ್ಟಿದರೂ ಅಸಲು ಹಾಗೆಯೇ ನಿಂತಿರುತ್ತದೆ. ಮನೆಯ ಖರ್ಚಿಗೆ ವಾರದ ಕಂತಿನ ಸಾಲ ತೆಗೆದು, ಆ ಕಂತು ಕಟ್ಟಲು ಇನ್ನೊಂದು ಕಡೆ ಸಾಲ ತೆಗೆದ ಸಂಸಾರಗಳನ್ನು ಎಲ್ಲ ಊರಲ್ಲೂ ಕಾಣುತ್ತೇವೆ. ಕಿರು ಸಾಲ ವಸೂಲಿಯ ದಬ್ಬಾಳಿಕೆ ತಡೆಯಲು ಕರ್ನಾಟಕ ಸರ್ಕಾರ 2025ರಲ್ಲಿ ಕಾನೂನು ತರಬೇಕಾಯಿತೆಂದರೆ ಕಷ್ಟ ಎಷ್ಟಿತ್ತೆಂದು ಊಹಿಸಬಹುದು. ಕಾನೂನು ದಬ್ಬಾಳಿಕೆಯನ್ನು ತಡೆದೀತು, ಸಾಲ ಮಾಡುವ ಕೈಯನ್ನು ತಡೆಯಬೇಕಾದವರು ನಾವೇ. ಉದ್ರಿಯವನು ಚೌಕಾಸಿ ಮಾಡಲಾರ, ಕೊಟ್ಟದ್ದನ್ನು ಕೊಟ್ಟ ದರಕ್ಕೆ ತರುತ್ತಾನೆ. ಸುಗ್ಗಿಯ ಹಣದಲ್ಲಿ ಮೊದಲು ಅಂಗಡಿಯ ಬಾಕಿ ತೀರಿಸಿ, ಎರಡು ತಿಂಗಳ ಸಾಮಾನಿನ ಹಣವನ್ನು ಬೇರೆಯಾಗಿ ಮನೆಯೊಡತಿಯ ಕೈಯಲ್ಲಿಟ್ಟರೆ ಉದ್ರಿಯ ಅಭ್ಯಾಸ ತಾನಾಗಿ ಬಿಡುತ್ತದೆ.

ಇಲ್ಲಿ ಉಳಿಸಬಾರದು

ಮಿತವ್ಯಯ ಬೇರೆ, ಜಿಪುಣತನ ಬೇರೆ. ಕರೆದ ಹಾಲನ್ನೆಲ್ಲ ಡೈರಿಗೆ ಹಾಕಿ ಮಕ್ಕಳಿಗೆ ಕರಿ ಚಹಾ ಕುಡಿಸುವುದು ಉಳಿತಾಯವಲ್ಲ. ಡೈರಿಯ ಕ್ಯಾನಿಗೆ ಸುರಿಯುವ ಮೊದಲು ಮನೆಯ ಪಾತ್ರೆ ತುಂಬಲಿ. ಬಸುರಿ, ಬಾಣಂತಿಯರ ಊಟ, ಮಕ್ಕಳ ಮೊಟ್ಟೆ, ಹಿರಿಯರ ಔಷಧಿ, ಶಾಲೆಯ ಪುಸ್ತಕ ಇವುಗಳಿಗೆ ಕತ್ತರಿ ಹಾಕಬಾರದು. ಎಲ್ಲರಿಗಿಂತ ಕೊನೆಯಲ್ಲಿ ತಪ್ಪಲೆಯ ತಳ ಕೆರೆದು ಉಣ್ಣುವವಳ ಪಾಲಿನಿಂದ ಉಳಿಸುವ ಮನೆ ಉದ್ಧಾರವಾಗದು. ಲೆಕ್ಕದ ಪುಸ್ತಕ ಆಕೆಯ ಕೈಯಲ್ಲಿದ್ದರೆ ಇದು ತಾನಾಗಿಯೇ ಸರಿಹೋಗುತ್ತದೆ.

ನಮ್ಮ ಮನೆಯಲ್ಲಿ ಈಗ ಆ ಪುಸ್ತಕ ಬರೆಯುವವಳು ಮಗಳು. ಅಕ್ಕಡಿ ಹಾಕಿದ ಮೊದಲ ವರ್ಷ ಮಳೆ ಕಡಿಮೆಯಾಗಿ ತೊಗರಿ ಮುಕ್ಕಾಲು ಕ್ವಿಂಟಲಷ್ಟೇ ಆಯಿತು. ಆದರೂ ಯುಗಾದಿಯಿಂದ ದೀಪಾವಳಿಯವರೆಗೆ ಬೇಳೆ ಕೊಳ್ಳಲಿಲ್ಲ. ಮರುವರ್ಷದ ಫೀಜನ್ನು ಸಾಲವಿಲ್ಲದೆ ಕಟ್ಟಿದೆವು. ಸರ ಬಿಡಿಸಿಕೊಳ್ಳಲು ಇನ್ನೂ ಒಂದು ಸುಗ್ಗಿ ಕಾಯಬೇಕಾಯಿತು, ಅದೂ ಬಂತು.

ಹನಿಗೂಡಿದರೆ ಹಳ್ಳವೆಂದು ಹಿರಿಯರು ಹೇಳಿದ್ದು ಸುಳ್ಳಲ್ಲ. ಈ ಮುಂಗಾರಿಗೆ ಬಿತ್ತನೆ ಬೀಜ ತರಲು ಹೋಗುವ ರೈತ ಬಾಂಧವರು ಒಂದು ಹಿಡಿ ತೊಗರಿ, ಒಂದು ಹಿಡಿ ಅವರೆಯನ್ನು ಮರೆಯದೆ ತರಲಿ. ಹಾಗೆಯೇ ಇಂದು ಸಂಜೆ ಮನೆಗೆ ಹೋದಾಗ ಅಂಗಡಿಯ ಉದ್ರಿ ಪುಸ್ತಕವನ್ನು ಒಮ್ಮೆ ತೆರೆದು ಓದಲಿ. ನಮ್ಮ ಹೊಲದಲ್ಲಿ ಏನು ಬಿತ್ತಬೇಕೆಂಬುದು ಅದರಲ್ಲೇ ಬರೆದಿರುತ್ತದೆ.